ಹಿಮದ ನಾಡಿಗೆ ಚಿಂಪಾಂಜಿಗಳು ಬಂದದ್ದು ಹೇಗೆ?

ಚಳಿಗಾಲ ಬಂತೆಂದರೆ ಹಿಮದಲ್ಲಿ ಕೂತ ಚಿಂಪಾಂಜಿಯ ಫೋಟೊ ಒಂದಾದರೂ ಓಡಾಡುತ್ತದೆ. ಅದರ ಬೆನ್ನಿಗೇ ಜಗಳ. ಬಿಸಿ ನಾಡಿನ ಪ್ರಾಣಿಯನ್ನು ಚಳಿಗೆ ದೂಡಿದ್ದಾರೆ ಅನ್ನುತ್ತಾರೆ ಕೆಲವರು. ಅದು ಆಟ ಆಡ್ತಿದೆ, ಸುಮ್ನೆ ಇರಿ ಅನ್ನುತ್ತಾರೆ ಇನ್ನು ಕೆಲವರು. ಆಫ್ರಿಕಾಕ್ಕೇ ವಾಪಸ್ ಕಳಿಸಿಬಿಡಿ ಅನ್ನುವವರಿಗೂ ಬರವಿಲ್ಲ. ಚಿಂಪಾಂಜಿ ಅಲ್ಲಿಗೆ ಬಂದದ್ದಾದರೂ ಹೇಗೆ ಅಂತ ಕೇಳುವವರೇ ಕಡಿಮೆ.

ಚಿಂಪಾಂಜಿಯ ಸ್ವಂತ ನೆಲ ಆಫ್ರಿಕಾದ ನಡುಭಾಗ. ಪಶ್ಚಿಮಕ್ಕೆ ಸೆನೆಗಲ್, ಪೂರ್ವಕ್ಕೆ ಟಾಂಜಾನಿಯಾ. 1950ರ ದಶಕದಲ್ಲಿ ಅಮೆರಿಕದ ವಾಯುಪಡೆ ಅಲ್ಲಿಂದ ಮರಿಗಳನ್ನು ತರಿಸಿಕೊಂಡಿತು. 1961ರ ಜನವರಿಯಲ್ಲಿ ಹ್ಯಾಮ್ ಎಂಬ ಚಿಂಪಾಂಜಿ ರಾಕೆಟ್‌ನಲ್ಲಿ ಹೋಗಿ ಬಂದ. ಅದೇ ವರ್ಷ ನವೆಂಬರ್‌ನಲ್ಲಿ ಈನೋಸ್ ಭೂಮಿಯನ್ನೇ ಸುತ್ತಿದ. ಬಾಹ್ಯಾಕಾಶದ ಕೆಲಸ ಮುಗಿದ ಮೇಲೂ ಪ್ರಯೋಗಾಲಯಗಳಿಗೆ ಚಿಂಪಾಂಜಿ ಬೇಕಾಗಿತ್ತು. ಹೆಪಟೈಟಿಸ್ ಸಂಶೋಧನೆ, ಆಮೇಲೆ ಎಚ್‌ಐವಿ. 1970ರ ದಶಕದಲ್ಲಿ ಕಾಡಿನಿಂದ ತರುವುದು ನಿಂತಾಗ ಪಂಜರದಲ್ಲೇ ಮರಿ ಮಾಡಿಸತೊಡಗಿದರು. 1986ರಲ್ಲಿ ಏಡ್ಸ್ ಸಂಶೋಧನೆಗೆಂದೇ ಸರ್ಕಾರಿ ದುಡ್ಡಿನಲ್ಲಿ ಸಂತಾನೋತ್ಪತ್ತಿ ಯೋಜನೆ ಬಂತು. ಸೋಂಕು ಕೊಟ್ಟರು, ವೈರಸ್ ಒಳಗೆ ಹೋಯಿತು, ಆದರೆ ಹೆಚ್ಚಿನ ಚಿಂಪಾಂಜಿಗಳಿಗೆ ಏಡ್ಸ್ ಬರಲೇ ಇಲ್ಲ. ಹತ್ತು ವರ್ಷ ಕಳೆಯುವುದರಲ್ಲಿ ಬೇಡಿಕೆ ಇಳಿಯಿತು, ಪಂಜರಗಳು ಮಾತ್ರ ತುಂಬಿಯೇ ಇದ್ದವು. ಐವತ್ತು ವರ್ಷ ಬದುಕುವ ಪ್ರಾಣಿಯನ್ನು ಐದು ವರ್ಷದ ಯೋಜನೆಯ ಲೆಕ್ಕದಲ್ಲಿ ಹುಟ್ಟಿಸಿದರೆ ಇನ್ನೇನಾಗುತ್ತದೆ?

ಆಮೇಲಿನದು ಕಾನೂನಿನ ದಾರಿ. 2000ದಲ್ಲಿ ಅಮೆರಿಕ, ಪ್ರಯೋಗ ಮುಗಿದ ಚಿಂಪಾಂಜಿಗಳಿಗೆ ಆಶ್ರಯಧಾಮ ಒದಗಿಸುವ ಚಿಂಪ್ ಆ್ಯಕ್ಟ್ ತಂದಿತು, 2011ರಲ್ಲಿ ತಜ್ಞರ ಸಮಿತಿ ಈ ಪ್ರಯೋಗಗಳಲ್ಲಿ ಹೆಚ್ಚಿನವು ಬೇಡವೇ ಬೇಡ ಅಂದಿತು, 2015ರಲ್ಲಿ ಸರ್ಕಾರ ತನ್ನ ಎಲ್ಲ ಚಿಂಪಾಂಜಿಗಳಿಗೂ ನಿವೃತ್ತಿ ಕೊಡುವುದಾಗಿ ಹೇಳಿತು.

ನಿವೃತ್ತಿಯೇನೋ ಸರಿ, ಹೋಗುವುದೆಲ್ಲಿಗೆ? ಲೂಸಿಯಾನಾದ ಚಿಂಪ್ ಹೇವನ್, ಫ್ಲಾರಿಡಾದ ಸೇವ್ ದಿ ಚಿಂಪ್ಸ್ ಬೆಚ್ಚಗಿನ ಊರಿನ ಆಶ್ರಯಧಾಮಗಳು. ಆದರೆ ಜಾಗ ಕೊಡಲು ಮುಂದೆ ಬಂದವರೆಲ್ಲ ಬೆಚ್ಚಗಿನ ಊರಿನವರೇ ಆಗಿರಲಿಲ್ಲ. 1997ರಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರಯೋಗಾಲಯವೊಂದು ಬಾಗಿಲು ಹಾಕುವಾಗ 15 ಚಿಂಪಾಂಜಿಗಳನ್ನು ಕರೆದುಕೊಂಡದ್ದು ಕೆನಡಾದ ಕ್ವಿಬೆಕ್‌ನ ಫೌನಾ ಫೌಂಡೇಶನ್ ಎಂಬ ಆಶ್ರಯಧಾಮ. ಅಲ್ಲಿ ತಾಪಮಾನ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಹೋಗುವುದೂ ಉಂಟು. 2008ರಲ್ಲಿ ಏಳು ಚಿಂಪಾಂಜಿಗಳು ವಾಷಿಂಗ್ಟನ್ ರಾಜ್ಯದ ಬೆಟ್ಟಸಾಲಿನ ಪಕ್ಕದ ಕ್ಲೀ ಎಲಮ್ ಎಂಬ ಊರಿನ ಧಾಮಕ್ಕೆ ಬಂದವು. ಆಸ್ಟ್ರಿಯಾದಲ್ಲೂ ಇದೇ ಕಥೆ. ಔಷಧ ಕಂಪನಿಯ ಪ್ರಯೋಗದಲ್ಲಿದ್ದ ಚಿಂಪಾಂಜಿಗಳು ಎಷ್ಟೋ ವರ್ಷಗಳ ನಂತರ 2011ರಲ್ಲಿ ಮೊದಲ ಸಲ ಬಯಲಿಗೆ ಕಾಲಿಟ್ಟವು.

ಆಫ್ರಿಕಾಕ್ಕೆ ಯಾಕೆ ಕಳಿಸಲಿಲ್ಲ ಅನ್ನುವುದು ಸಹಜವಾದ ಪ್ರಶ್ನೆಯೇ. ಪಂಜರದಲ್ಲಿ ಹುಟ್ಟಿದವಕ್ಕೆ ಯಾವ ಹಣ್ಣು ತಿನ್ನಬೇಕು ಅಂತಲೂ ಗೊತ್ತಿಲ್ಲ. ಕಾಡಿನ ಗುಂಪುಗಳು ಹೊರಗಿನವರನ್ನು ಕೊಂದೇಬಿಡಬಹುದು. ಜೊತೆಗೆ ಕೆಲವು ಚಿಂಪಾಂಜಿಗಳ ಮೈಯಲ್ಲಿ ಮನುಷ್ಯರೇ ಹಾಕಿದ ವೈರಸ್ ಇದೆ. ಆಫ್ರಿಕಾದ ಆಶ್ರಯಧಾಮಗಳಿಗೆ ಅಲ್ಲಿನ ಅನಾಥ ಮರಿಗಳನ್ನು ಸಾಕುವುದೇ ಸಾಕುಸಾಕಾಗಿದೆ.

ಹಾಗಾಗಿ ಚಳಿಗಾಲವನ್ನು ಇದ್ದಲ್ಲೇ ಕಳೆಯಬೇಕು. ಚಿಂಪಾಂಜಿಯ ಮೈ ಇದಕ್ಕೆ ತಯಾರಾದದ್ದಲ್ಲ. ಜಪಾನಿನ ಹಿಮಕೋತಿಗೆ ಚಳಿ ಬಂದರೆ ದಟ್ಟ ತುಪ್ಪಳ ಬೆಳೆಯುತ್ತದೆ. ಚಿಂಪಾಂಜಿಯ ಕೂದಲು ಉದ್ದ ಇದ್ದರೂ ವಿರಳ, ಅದರಡಿ ಬೆಚ್ಚಗಿಡುವ ಒಳತುಪ್ಪಳ ಇಲ್ಲ. ಮುಖ, ಕಿವಿ, ಅಂಗೈ, ಅಂಗಾಲು ಬರಿದೇ. ನಡೆಯುವಾಗ ಬೆರಳ ಗೆಣ್ಣುಗಳನ್ನು ನೆಲಕ್ಕೂರುವುದರಿಂದ ಹಿಮ ನೇರವಾಗಿ ಬೆರಳಿಗೇ ತಾಗುತ್ತದೆ. ತೀರಾ ಚಳಿಯಲ್ಲಿ ಜಾಸ್ತಿ ಹೊತ್ತು ಇದ್ದರೆ ಕಿವಿಯ ಅಂಚು, ಬೆರಳ ತುದಿ ಹೆಪ್ಪುಗಟ್ಟಿ ಕೊಳೆಯುವ ಅಪಾಯ ಇದೆ.

ಅಮೆರಿಕದ ನಿಯಮದ ಪ್ರಕಾರ ಒಳಗಿನ ತಾಪಮಾನ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇರಬಾರದು. ಅಷ್ಟು ಪಾಲಿಸಿದರೆ ಕಾಗದದ ಮೇಲೆ ಎಲ್ಲ ಸರಿ. ಏಳೂವರೆ ಡಿಗ್ರಿಯ ಸಿಮೆಂಟ್ ನೆಲದ ಮೇಲೆ ಒಂದು ರಾತ್ರಿ ಮಲಗಿ ನೋಡಿದರೆ ಆ ಅಂಕಿಯ ಬೆಲೆ ತಿಳಿದೀತು. ಒಳ್ಳೆಯ ಧಾಮಗಳು ನಿಯಮಕ್ಕೆ ಕಾಯುವುದಿಲ್ಲ. ಮನುಷ್ಯರ ಮನೆಯಷ್ಟು ಬೆಚ್ಚಗಿಡುತ್ತವೆ. ಎಷ್ಟೋ ಕಡೆ ನೆಲದಡಿಯಲ್ಲೇ ಬಿಸಿ ಹಾಯಿಸುತ್ತಾರೆ. ಕರೆಂಟ್ ಹೋದರೆ ಜನರೇಟರ್ ಇರಲೇಬೇಕು.

ಬೆಳಿಗ್ಗೆ ಜಾರುಬಾಗಿಲು ಮೇಲೇಳುವಾಗ ನೋಡಬೇಕು. ಒಂದು ಚಿಂಪಾಂಜಿ ಹೊಸ್ತಿಲಲ್ಲಿ ನಿಂತು ಒಂದು ಬೆರಳಿನಿಂದ ಹಿಮ ಮುಟ್ಟಿ, ಬೆರಳನ್ನು ಮೂಸುತ್ತದೆ. ಆಮೇಲೆ ಎರಡೇ ಕಾಲಿನ ಮೇಲೆ ಎದ್ದು, ಕೈಗಳನ್ನು ಎದೆಗೆ ಅವುಚಿಕೊಂಡು ನಾಲ್ಕು ಹೆಜ್ಜೆ ಓಡುತ್ತದೆ. ಒಂದು ತೋಳು ತುಂಬ ಹಿಮ ಬಾಚಿಕೊಂಡು ಒಳಗೆ ಬಂದು, ಬೆಚ್ಚಗಿನ ನೆಲದ ಮೇಲೆ ಕೂತು ತಿನ್ನುತ್ತದೆ. ಹೊರಗೆ ಬರಲೊಲ್ಲದವಕ್ಕೆ ಟಬ್‌ನಲ್ಲಿ ಹಿಮ ತುಂಬಿ ಒಳಗೇ ಕೊಡುವುದೂ ಉಂಟು.

ಒಂದೊಂದರದು ಒಂದೊಂದು ಬುದ್ಧಿ. ಕ್ಲೀ ಎಲಮ್‌ನ ಮೊದಲ ಏಳರಲ್ಲಿ ಜೇಮಿ ಎಂಬ ಹೆಣ್ಣಿಗೆ ಬೂಟುಗಳ ಹುಚ್ಚು. ಅವಳು ಆರಿಸಿಕೊಟ್ಟ ಬೂಟು ಹಾಕಿಕೊಂಡು ಪಾಲಕರು ಬೇಲಿಯ ಹೊರಗೆ ಸುತ್ತು ಹಾಕಬೇಕು, ಅವಳು ಒಳಗಿನಿಂದ ಜೊತೆಜೊತೆಗೆ ನಡೆಯುತ್ತಾಳೆ. 1970ರ ದಶಕದಲ್ಲಿ ಆಫ್ರಿಕಾದಿಂದ ಹಿಡಿದು ತಂದ ನೆಗ್ರಾ ಎಂಬವಳಿಗೋ ಕಂಬಳಿ ಹೊದ್ದು ಮಲಗುವುದೇ ಇಷ್ಟವಾಗಿತ್ತು. ಇಬ್ಬರಿಗೂ ಒಂದೇ ನಿಯಮ ಹಾಕಿ, ಇಷ್ಟು ಡಿಗ್ರಿಗೆ ಎಲ್ಲರೂ ಒಳಗೆ ಅಂತ ಬಾಗಿಲು ಜಡಿಯುವುದು ನೋಡಿಕೊಳ್ಳುವವರಿಗೆ ಸುಲಭ. ಆದರೆ ವರ್ಷಗಟ್ಟಲೆ ಬೇರೆಯವರು ತೆರೆದಾಗ ಮಾತ್ರ ತೆರೆಯುವ ಬಾಗಿಲನ್ನು ಕಂಡ ಪ್ರಾಣಿಗೆ, ಹೋಗಬೇಕೋ ಬೇಡವೋ ಅಂತ ತಾನೇ ತೀರ್ಮಾನಿಸುವುದು ಸಣ್ಣ ಸಂಗತಿಯಲ್ಲ, ಅಲ್ವಾ? ಒಳಗೆ ಬಿಸಿ ಇದ್ದು, ವಾಪಸ್ ಬರುವ ದಾರಿ ತೆರೆದಿದ್ದರೆ ಹೆಚ್ಚಿನ ದಿನಗಳಲ್ಲಿ ಬಾಗಿಲು ಮುಚ್ಚಲು ಕಾರಣವೇ ಇರುವುದಿಲ್ಲ.

ಕೆಲವು ದಿನ ಮುಚ್ಚಲೇಬೇಕಾಗುತ್ತದೆ, ಅದೂ ಚಳಿಯ ಕಾರಣಕ್ಕಲ್ಲ. ದೊಡ್ಡ ಬಯಲಿನ ಸುತ್ತ ವಿದ್ಯುತ್ ಬೇಲಿ ಇರುವ ಕಡೆ, ಹಿಮ ರಾಶಿಬಿದ್ದು ತಂತಿಗೆ ತಾಗಿದರೆ ಕರೆಂಟ್ ನೆಲಕ್ಕಿಳಿದು ಬೇಲಿ ಸತ್ತಂತೆಯೇ. ಪಾಲಕರು ಸಲಿಕೆ ಹಿಡಿದು ಉದ್ದಕ್ಕೂ ಹಿಮ ತೆಗೆಯುವವರೆಗೆ ಚಿಂಪಾಂಜಿಗಳಿಗೆ ಜಾಲರಿ ಮುಚ್ಚಿದ ಅಂಗಳವೇ ಗತಿ.

ಒಳಗಿರುವ ದಿನಗಳು ಹೆಚ್ಚಾದಂತೆ ಕಷ್ಟ ಬೇರೆ ರೂಪದಲ್ಲಿ ಬರುತ್ತದೆ. ಕಾಡಿನಲ್ಲಿ ಚಿಂಪಾಂಜಿಗಳು ಇಡೀ ದಿನ ಒಟ್ಟಿಗಿರುವುದಿಲ್ಲ. ಚಿಕ್ಕ ಚಿಕ್ಕ ಗುಂಪಾಗಿ ಚದುರುತ್ತವೆ, ಮತ್ತೆ ಸೇರುತ್ತವೆ. ಮನಸ್ತಾಪ ಆದರೆ ದೂರ ಹೋಗುವುದೇ ಮದ್ದು. ನಾಲ್ಕು ಗೋಡೆಯೊಳಗೆ ದೂರ ಹೋಗುವುದೆಲ್ಲಿಗೆ? ಅದಕ್ಕೇ ಈಗಿನ ಕಟ್ಟಡಗಳಲ್ಲಿ ಪ್ರತಿ ಕೋಣೆಗೂ ಎರಡು ಬಾಗಿಲು ಇಡುತ್ತಾರೆ. ಯಾರೂ ಮೂಲೆಗೆ ಸಿಕ್ಕಿಬೀಳಬಾರದು ಅಂತ. ರಾತ್ರಿ ಗೂಡು ಕಟ್ಟಲು ಒಣಹುಲ್ಲು, ಕಂಬಳಿ ರಾಶಿ. ಹಗಲಿಗೆ ಕಡ್ಡಿ ತೂರಿಸಿ ತಿಂಡಿ ತೆಗೆಯುವ ಒಗಟುಪೆಟ್ಟಿಗೆಗಳು.

ನೆಗಡಿಯ ಭಯವೂ ಇದೇ ಕಾಲದ್ದು. ನಮಗೆ ಎರಡು ದಿನದ ಮೂಗಿನ ಸೋರಿಕೆ, ಅವಕ್ಕೆ ಪ್ರಾಣಕ್ಕೇ ಬರಬಹುದು. 2013ರಲ್ಲಿ ಉಗಾಂಡಾದ ಕಿಬಾಲೆ ಕಾಡಿನಲ್ಲಿ ಮನುಷ್ಯರ ನೆಗಡಿಯ ವೈರಸ್ಸೊಂದು ಐದು ಚಿಂಪಾಂಜಿಗಳನ್ನು ಕೊಂದಿತು. ಕೆಮ್ಮು ಇರುವ ಪಾಲಕರು ಕೆಲಸಕ್ಕೆ ಬರದೇ ಇದ್ದರೇ ಉಪಕಾರ. ಬಂದವರಿಗೆ ಮಾಸ್ಕ್, ಕೈಗವಸು.

ಇನ್ನು ಉಳಿದಿರುವುದು ಖರ್ಚಿನ ಮಾತು. ಚಿಂಪ್ ಆ್ಯಕ್ಟ್ ಪ್ರಕಾರ ಸರ್ಕಾರಿ ಚಿಂಪಾಂಜಿಗಳ ಆರೈಕೆಗೆ ಶೇ. 75ರಷ್ಟು ಸರ್ಕಾರವೇ ಕೊಡುತ್ತದೆ. ಖಾಸಗಿ ಒಡೆತನದಿಂದ ಬಂದವಕ್ಕೆ ಆ ದುಡ್ಡು ಇಲ್ಲ, ಕ್ಲೀ ಎಲಮ್‌ನ ಏಳೂ ಅಂಥವೇ. ಒಂದೇ ಥರದ ಪಂಜರದಿಂದ ಬಂದವು, ಒಂದೇ ಥರದ ಪ್ರಯೋಗ ಕಂಡವು. ಯಾರ ಲೆಕ್ಕದ ಪುಸ್ತಕದಲ್ಲಿದ್ದವು ಅನ್ನುವುದರ ಮೇಲೆ ನೆಲ ಬಿಸಿ ಮಾಡುವ ಬಿಲ್ಲು ಯಾರ ಹೆಸರಿಗೆ ಅಂತ ತೀರ್ಮಾನವಾಗುತ್ತದೆ. ದೇಣಿಗೆ ಕಡಿಮೆಯಾದ ವರ್ಷವೂ ಹೀಟರ್ ನಿಲ್ಲಿಸುವಂತಿಲ್ಲ. ಈಗ ಅವಕ್ಕೆ ವಯಸ್ಸಾಗುತ್ತಿದೆ, ಕೀಲು ಹಿಡಿಯುತ್ತಿದೆ. ಏಣಿ, ಹಗ್ಗ ಇದ್ದ ಕಡೆ ಇಳಿಜಾರು ಹಲಗೆ ಹಾಕಿಸುವ ಖರ್ಚೂ ಆ ಪಟ್ಟಿಗೆ ಸೇರುತ್ತಿದೆ.