ಕೊಟ್ಟವರೆಲ್ಲ ಒಟ್ಟಿಗೆ ಕೂತು ಲೆಕ್ಕ ನೋಡಿದರೆ

2005ರ ಒಂದೇ ವರ್ಷದಲ್ಲಿ ವಿಯೆಟ್ನಾಂ ಸರ್ಕಾರದ ಕಚೇರಿಗಳಿಗೆ ನೆರವು ಕೊಡುವ ದೇಶಗಳ, ಸಂಸ್ಥೆಗಳ 791 ತಂಡಗಳು ಬಂದುಹೋದವು. ಭಾನುವಾರ, ಹಬ್ಬದ ರಜೆ ಎಲ್ಲವನ್ನೂ ಸೇರಿಸಿಕೊಂಡರೂ ದಿನಕ್ಕೆ ಎರಡಕ್ಕಿಂತ ಹೆಚ್ಚು. ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ ವರ್ಷವಿಡೀ ಹೀಗೆ ತಂಡಗಳು ಬರುತ್ತಿದ್ದವು ಎಂದುಕೊಳ್ಳಿ. ಪ್ರತಿ ತಂಡಕ್ಕೂ ಅದರದೇ ನಮೂನೆ, ಅದರದೇ ಪ್ರಶ್ನೆ, ಅದರದೇ ಗಡುವು. ಶಾಲೆ ನಡೆಸಬೇಕಾದವರು, ಕುಡಿಯುವ ನೀರು ಕೊಡಬೇಕಾದವರು ದಿನಗಟ್ಟಲೆ ಕೂತು ಉತ್ತರ ಬರೆಯುತ್ತಿರಬೇಕು. ನೆರವು ಕೊಡುವ ದೇಶಗಳು ಒಟ್ಟುಗೂಡಿ ಮೌಲ್ಯಮಾಪನ ಮಾಡುವ ಕ್ರಮ ಬೆಳೆಯಲು ಈ ದಣಿವು ಒಂದು ಕಾರಣ. ಅದಕ್ಕಿಂತ ಆಳದ ಕಾರಣ ಇನ್ನೊಂದಿದೆ. ಒಬ್ಬೊಬ್ಬರೇ ಬಂದು ಕೇಳಿದರೆ 'ನನ್ನ ಹಣದಿಂದ ಏನಾಯಿತು' ಎಂದಷ್ಟೇ ಕೇಳುತ್ತಾರೆ. 'ಈ ಜನರಿಗೆ ಏನಾಯಿತು' ಎಂದು ಕೇಳುವುದಕ್ಕೆ ಎಲ್ಲರೂ ಒಟ್ಟಿಗೆ ಕೂರಬೇಕಾಗುತ್ತದೆ.

ಮೊದಲು ಒಂದು ವ್ಯತ್ಯಾಸ ಸ್ಪಷ್ಟವಾಗಲಿ. ಹಣ ಎಲ್ಲಿಗೆ ಹೋಯಿತು, ರಶೀದಿ ಇದೆಯೇ ಎಂದು ನೋಡುವುದು ಆಡಿಟ್. ಆ ಹಣದಿಂದ ಯಾರ ಬದುಕಿನಲ್ಲಿ ಏನು ಬದಲಾಯಿತು, ಯಾಕೆ ಬದಲಾಯಿತು ಅಥವಾ ಬದಲಾಗಲಿಲ್ಲ ಎಂದು ನೋಡುವುದು ಮೌಲ್ಯಮಾಪನ. ರಶೀದಿಗಳೆಲ್ಲ ಸರಿಯಾಗಿದ್ದೂ ಯೋಜನೆ ಸೋತಿರಬಹುದು.

ಈ ಕೆಲಸಕ್ಕೆ ಒಂದು ಮನೆಯಿದೆ. ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಒಳಗೆ 1961ರಿಂದ ಅಭಿವೃದ್ಧಿ ನೆರವು ಸಮಿತಿ ನಡೆದುಬಂದಿದೆ. ಕಚೇರಿ ಪ್ಯಾರಿಸ್‌ನಲ್ಲಿ, ಸದಸ್ಯರು ಮೂವತ್ತಕ್ಕೂ ಹೆಚ್ಚು. 2023ರಲ್ಲಿ ಈ ಸದಸ್ಯರು ಕೊಟ್ಟ ಅಧಿಕೃತ ನೆರವು 22,000 ಕೋಟಿ ಡಾಲರ್ ದಾಟಿತ್ತು. 1980ರ ದಶಕದ ಆರಂಭದಲ್ಲೇ ಸಮಿತಿಯಲ್ಲಿ ಮೌಲ್ಯಮಾಪನಕ್ಕೆಂದು ತಜ್ಞರ ಗುಂಪೊಂದು ಹುಟ್ಟಿತು. ಈಗ ಅದನ್ನು ಇವಾಲ್‌ನೆಟ್ ಎನ್ನುತ್ತಾರೆ. ದೇಶಗಳ ಮೌಲ್ಯಮಾಪನ ವಿಭಾಗಗಳ ಮುಖ್ಯಸ್ಥರು ಇಲ್ಲಿ ಸೇರುತ್ತಾರೆ, ವಿಶ್ವಬ್ಯಾಂಕಿನಂಥ ಸಂಸ್ಥೆಗಳೂ ಜೊತೆಗಿರುತ್ತವೆ. ಮುಂದಿನ ವರ್ಷ ಯಾರು ಎಲ್ಲಿ ಏನು ಅಧ್ಯಯನ ಮಾಡಲಿದ್ದಾರೆ ಎಂಬ ಪಟ್ಟಿಯನ್ನು ಒಬ್ಬರಿಗೊಬ್ಬರು ತೋರಿಸುತ್ತಾರೆ, ಗುಣಮಟ್ಟದ ನಿಯಮಗಳನ್ನು ಒಪ್ಪಿಕೊಳ್ಳುತ್ತಾರೆ, ಕೆಲವು ಅಧ್ಯಯನಗಳನ್ನು ಜಂಟಿಯಾಗಿ ಮಾಡುತ್ತಾರೆ. ಇದಲ್ಲದೆ ಐದಾರು ವರ್ಷಕ್ಕೊಮ್ಮೆ ಪ್ರತಿ ಸದಸ್ಯ ದೇಶದ ನೆರವಿನ ವ್ಯವಸ್ಥೆಯನ್ನು ಬೇರೆ ಎರಡು ಸದಸ್ಯ ದೇಶಗಳು ಬಂದು ಪರಿಶೀಲಿಸಿ, ವರದಿಯನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತವೆ.

ಒಟ್ಟಿಗೆ ಕೂತರೂ ಲೆಕ್ಕ ಸುಲಭವಲ್ಲ. ಕಾಫಿ ಬೆಳೆಯುವವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಸರಿಯಾದ ಹೊತ್ತಿಗೆ ಬಿತ್ತು, ಅದರ ಬೆನ್ನಿಗೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆಯೂ ಬಂತು, ಆ ವರ್ಷ ಹೊಸ ಗೊಬ್ಬರವನ್ನೂ ಹಾಕಿದ್ದಿರಿ, ನೆರಳನ್ನೂ ತೆಳು ಮಾಡಿಸಿದ್ದಿರಿ. ರೊಬಸ್ಟಾ ಗಿಡ ತುಂಬ ಕಾಯಿ ಹಿಡಿಯಿತು. ಗೊಬ್ಬರದ ಅಂಗಡಿಯವನು ತನ್ನ ಗೊಬ್ಬರದಿಂದ ಎನ್ನುತ್ತಾನೆ, ಮರ ಕಪಾತು ಮಾಡಿದವನು ತನ್ನ ಕತ್ತಿಯಿಂದ ಎನ್ನುತ್ತಾನೆ. ನಿಜ ತಿಳಿಯಬೇಕಾದರೆ ಗೊಬ್ಬರ ಹಾಕದಿದ್ದಿದ್ದರೆ ಎಷ್ಟು ಬರುತ್ತಿತ್ತು ಎಂದು ಗೊತ್ತಾಗಬೇಕು. ಹಾಗೆ ನಡೆಯದೇ ಹೋದ ವರ್ಷವನ್ನು ಕಣ್ಣಿಂದ ನೋಡಲಾಗದು, ಅಂದಾಜೇ ಮಾಡಬೇಕು. ಪಕ್ಕದ ತೋಟದ ಜೊತೆ ಹೋಲಿಸಬಹುದು, ಆದರೆ ಅಲ್ಲಿನ ಮಣ್ಣು, ಇಳಿಜಾರು, ಗಿಡದ ವಯಸ್ಸು ಬೇರೆ.

ನೆರವಿನಲ್ಲೂ ಇದೇ ತೊಡಕು. ಒಂದು ದೇಶದಲ್ಲಿ ಶಾಲೆಗೆ ಸೇರುವ ಮಕ್ಕಳ ಸಂಖ್ಯೆ ಏರಿತು ಎನ್ನಿ. ಹತ್ತು ದಾನಿಗಳು ಹತ್ತು ವರದಿ ಬರೆದು, ಹತ್ತರಲ್ಲೂ ಅದೇ ಮಕ್ಕಳನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡರೆ, ವರದಿಗಳ ಒಟ್ಟು ಮೊತ್ತ ದೇಶದಲ್ಲಿರುವ ಮಕ್ಕಳ ಸಂಖ್ಯೆಯನ್ನೇ ಮೀರಬಹುದು. ದಾನಿಗಳು ಹಣವನ್ನು ನೇರವಾಗಿ ಖಜಾನೆಗೆ ಹಾಕಿದಾಗಂತೂ ಯಾರ ರೂಪಾಯಿ ಯಾವ ಶಾಲೆಗೆ ಹೋಯಿತೆಂದು ಬೇರ್ಪಡಿಸುವ ದಾರಿಯೇ ಇರುವುದಿಲ್ಲ. ಅದಕ್ಕಾಗಿಯೇ ಬುರ್ಕಿನಾ ಫಾಸೊ, ಮಲಾವಿ, ಮೊಜಾಂಬಿಕ್, ನಿಕರಾಗುವಾ, ರುವಾಂಡಾ, ಉಗಾಂಡಾ, ವಿಯೆಟ್ನಾಂ ಈ ಏಳು ದೇಶಗಳಲ್ಲಿ ಬಜೆಟ್ ನೆರವಿನ ಅಧ್ಯಯನವನ್ನು ದಾನಿಗಳು ಜಂಟಿಯಾಗಿಯೇ ಮಾಡಿಸಿದರು. ವರದಿ 2006ರಲ್ಲಿ ಬಂತು.

ಎಲ್ಲರೂ ಒಂದೇ ಅಳತೆ ಹಿಡಿಯಲೆಂದು ಸಮಿತಿ 1991ರಲ್ಲಿ ಐದು ಮಾನದಂಡಗಳನ್ನು ಕೊಟ್ಟಿತು: ಕೆಲಸ ಅಲ್ಲಿನವರ ಅಗತ್ಯಕ್ಕೆ ತಕ್ಕುದೇ, ಅಂದುಕೊಂಡ ಗುರಿ ಮುಟ್ಟಿತೇ, ಹಣ ಮತ್ತು ಸಮಯದ ಬಳಕೆ ಸರಿಯಿತ್ತೇ, ದೂರದ ಪರಿಣಾಮವೇನು, ದಾನಿ ಹೋದ ಮೇಲೂ ಉಳಿಯುತ್ತದೆಯೇ. 2019ರಲ್ಲಿ ಆರನೆಯದು ಸೇರಿತು. ಈ ಕೆಲಸ ಅದೇ ಜಾಗದಲ್ಲಿ ನಡೆಯುತ್ತಿರುವ ಇತರ ಕೆಲಸಗಳಿಗೆ, ಅಲ್ಲಿನ ಕಾನೂನು ನೀತಿಗಳಿಗೆ ಹೊಂದಿಕೊಳ್ಳುತ್ತದೆಯೇ ಎಂಬುದೇ ಅದು. ನನ್ನ ಮಟ್ಟಿಗೆ ಆರರಲ್ಲಿ ಇದೇ ಮುಖ್ಯ. ಇದು ಬರಲು ಮೂರು ದಶಕ ಹಿಡಿಯಬಾರದಿತ್ತು.

ಯಾಕೆಂದು ಕೊಡಗಿನಲ್ಲೇ ತೋರಿಸಬಹುದು. 2007ರ ಸುಮಾರಿಗೆ ಐರೋಪ್ಯ ಒಕ್ಕೂಟದ ಹಣದಲ್ಲಿ ಕ್ಯಾಫ್‌ನೆಟ್ ಎಂಬ ಯೋಜನೆ ಶುರುವಾಯಿತು. ಮಧ್ಯ ಅಮೆರಿಕ, ಪೂರ್ವ ಆಫ್ರಿಕಾ ಮತ್ತು ಭಾರತದ ಕಾಫಿ ಸೀಮೆಗಳು ಅದರ ವ್ಯಾಪ್ತಿ. ಭಾರತದ ಮಟ್ಟಿಗೆ ಅದು ಕೊಡಗು. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಮತ್ತು ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಇಲ್ಲಿ ಕೆಲಸ ಮಾಡಿದವು. ನೆರಳಿನ ಮರಗಳ ಕೆಳಗೆ ಬೆಳೆಯುವ ಕಾಫಿಯಿಂದ ಕಾಡಿಗೆ, ನೀರಿಗೆ, ಜೇನಿಗೆ ಏನು ಲಾಭ, ಆ ಲಾಭಕ್ಕೆ ಬೆಳೆಗಾರರಿಗೆ ಪ್ರತಿಫಲ ಸಿಗುವಂತೆ ಮಾಡಬಹುದೇ ಎಂಬುದು ಅದರ ವಿಚಾರ. ಕೊಡಗಿಗೆ ಇದಕ್ಕಿಂತ ತಕ್ಕ ವಿಚಾರ ಬೇಕೆ? ಮೊದಲನೆಯ ಮಾನದಂಡದಲ್ಲಿ ಯೋಜನೆಗೆ ಒಳ್ಳೆಯ ಅಂಕ ಸಿಗಲೇಬೇಕು.

ಈಗ ಹೊಂದಾಣಿಕೆಯ ಪ್ರಶ್ನೆಗೆ ಬನ್ನಿ. ತೋಟಗಳಲ್ಲಿ ನೂರಾರು ಬಗೆಯ ಕಾಡುಮರಗಳ ಜಾಗವನ್ನು ಸಿಲ್ವರ್ ಓಕ್ ಆಕ್ರಮಿಸುತ್ತ ಬಂದಿದೆ. ಅದು ಬೇಗ ಬೆಳೆಯುತ್ತದೆ, ನೆಟ್ಟಗೆ ನಿಲ್ಲುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ. ಇವೆಲ್ಲದರ ಜೊತೆಗೆ, ಅದನ್ನು ಕಡಿಯಲು ಕಾಡುಮರಕ್ಕೆ ಬೇಕಾದಂಥ ಅನುಮತಿ ಬೇಡ. ಬಾಣೆ ಜಮೀನಿನ, ಎಂದರೆ ಹಿಂದೆ ಗದ್ದೆಗೆ ಜೋಡಿಸಿ ಕೊಟ್ಟ ಕಾಡುಜಾಗದ, ಮರಗಳ ಹಕ್ಕಿನದು ಹಳೆಯ, ಇನ್ನೂ ಬಗೆಹರಿಯದ ತಕರಾರು. ತನ್ನ ತೋಟದ ನಂದಿ ಮರವನ್ನೋ ಬೀಟೆಯನ್ನೋ ಮುಂದೆ ತಾನು ಮುಟ್ಟುವಂತಿಲ್ಲ ಎಂದು ಗೊತ್ತಿದ್ದವನು ಅದರ ಸಸಿಯನ್ನು ಯಾಕೆ ಬೆಳೆಸುತ್ತಾನೆ? ಹೊರಗಿನ ಯೋಜನೆಯೊಂದು ಎಷ್ಟೇ ಚೆನ್ನಾಗಿ ಕಾಡುಮರದ ಬೆಲೆ ವಿವರಿಸಿದರೂ, ನಿಯಮಗಳು ಅವನನ್ನು ಸಿಲ್ವರ್ ಓಕ್ ಕಡೆಗೇ ನೂಕುತ್ತಿರುತ್ತವೆ. ಯೋಜನೆಯ ಒಳಗಿನ ಕಾಗದಪತ್ರಗಳನ್ನಷ್ಟೇ ನೋಡುವ ಮೌಲ್ಯಮಾಪಕನಿಗೆ ಇದು ಕಾಣುವುದಿಲ್ಲ. ಕಾಫಿ, ಅರಣ್ಯ, ಕಂದಾಯ ಮೂರನ್ನೂ ಒಟ್ಟಿಗೆ ಇಟ್ಟು ನೋಡುವವನಿಗೆ ತೋಟದ ಬೇಲಿ ದಾಟುವ ಮೊದಲೇ ಕಾಣುತ್ತದೆ.

ಜಂಟಿಯಾಗಿ ನೋಡುವುದಕ್ಕೆ ಎಂಥ ಶಕ್ತಿಯಿದೆ ಎಂದು ಜಗತ್ತಿಗೆ ತೋರಿಸಿದ್ದು ರುವಾಂಡಾದ ಅಧ್ಯಯನ. 1994ರ ಏಪ್ರಿಲ್‌ನಿಂದ ಜುಲೈವರೆಗೆ ಅಲ್ಲಿ ಸುಮಾರು ಎಂಟು ಲಕ್ಷ ಜನರ ನರಮೇಧ ನಡೆಯಿತು. ಬಲಿಯಾದವರಲ್ಲಿ ಹೆಚ್ಚಿನವರು ಟುಟ್ಸಿ ಸಮುದಾಯದವರು. ಆಮೇಲೆ ಲಕ್ಷಾಂತರ ಮಂದಿ ಗಡಿ ದಾಟಿ ಈಗಿನ ಕಾಂಗೋದ ಗೋಮಾ ಪಟ್ಟಣದ ಶಿಬಿರಗಳಿಗೆ ಹೋದರು. ಅಲ್ಲಿ ಕಾಲರಾ ಸಾವಿರಾರು ಜೀವ ತೆಗೆಯಿತು. ಇನ್ನೂರಕ್ಕೂ ಹೆಚ್ಚು ಸ್ವಯಂಸೇವಾ ಸಂಸ್ಥೆಗಳು ಬಂದಿಳಿದವು. ಅದೇ ವರ್ಷದ ಕೊನೆಯಲ್ಲಿ ಡೆನ್ಮಾರ್ಕ್‌ನ ವಿದೇಶಾಂಗ ಸಚಿವಾಲಯ ಮುಂದಾಳತ್ವ ವಹಿಸಿ, ದಾನಿ ದೇಶಗಳು, ವಿಶ್ವಸಂಸ್ಥೆಯ ಅಂಗಗಳು, ರೆಡ್ ಕ್ರಾಸ್, ಸ್ವಯಂಸೇವಾ ಸಂಸ್ಥೆಗಳು ಎಲ್ಲರನ್ನೂ ಒಂದು ಮೇಲ್ವಿಚಾರಣಾ ಸಮಿತಿಯಲ್ಲಿ ಕೂರಿಸಿತು. 1996ರ ಮಾರ್ಚ್‌ನಲ್ಲಿ ಐದು ಸಂಪುಟಗಳ ವರದಿ ಹೊರಬಂತು.

ಆ ವರದಿ ಕಂಬಳಿ ಎಷ್ಟು ಹಂಚಿದರು, ಔಷಧ ಎಷ್ಟು ಹೋಯಿತು ಎನ್ನುವಲ್ಲಿಗೆ ನಿಲ್ಲಲಿಲ್ಲ. ನರಮೇಧದ ಮುನ್ಸೂಚನೆಗಳಿದ್ದವು, ಜಗತ್ತಿನ ದೊಡ್ಡ ಶಕ್ತಿಗಳು ಕಿವಿಗೊಡಲಿಲ್ಲ, ರಾಜಕೀಯ ನಿರ್ಧಾರ ತೆಗೆದುಕೊಳ್ಳಬೇಕಾದ ಜಾಗದಲ್ಲಿ ಪರಿಹಾರ ಸಾಮಗ್ರಿ ಕಳಿಸಿ ಕೈತೊಳೆದುಕೊಂಡವು ಎಂದು ಅದು ನೇರವಾಗಿ ಹೇಳಿತು. ಅನುಭವವಿಲ್ಲದ ಸಂಸ್ಥೆಗಳು ಶಿಬಿರಗಳಲ್ಲಿ ಮಾಡಿದ ಹಾನಿಯನ್ನೂ ಮುಚ್ಚಿಡಲಿಲ್ಲ. ಯಾವುದೇ ಒಂದು ದೇಶ ಒಂಟಿಯಾಗಿ ಇದನ್ನು ಬರೆಯುತ್ತಿರಲಿಲ್ಲ, ಬರೆದಿದ್ದರೂ ಉಳಿದವರು ಕೇಳುತ್ತಿರಲಿಲ್ಲ. ಆ ಚರ್ಚೆಯ ಬಿಸಿಯಲ್ಲೇ 1997ರಲ್ಲಿ ಸ್ಫಿಯರ್ ಎಂಬ, ಪರಿಹಾರ ಕಾರ್ಯದ ಕನಿಷ್ಠ ಮಾನದಂಡಗಳನ್ನು ರೂಪಿಸುವ ಕೆಲಸ ಆರಂಭವಾಯಿತು. ದಿನಕ್ಕೆ ಒಬ್ಬರಿಗೆ 15 ಲೀಟರ್ ನೀರು, ಸೂರಿನ ಕೆಳಗೆ ತಲೆಗೆ 3.5 ಚದರ ಮೀಟರ್ ಜಾಗ ಎಂಬ ಲೆಕ್ಕಗಳು ಅಲ್ಲಿಂದ ಬಂದವು. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪರಿಹಾರ ಶಿಬಿರಗಳಿಗೆ ಹೇಳುವ ಅಳತೆಯೂ ಅದೇ 3.5 ಚದರ ಮೀಟರ್.

2004ರ ಡಿಸೆಂಬರ್‌ನ ಸುನಾಮಿಯ ನಂತರ ಇದೇ ಹಾದಿಯಲ್ಲಿ ಹಲವು ಸಂಸ್ಥೆಗಳು ಸೇರಿ ಸುನಾಮಿ ಮೌಲ್ಯಮಾಪನ ಒಕ್ಕೂಟ ಕಟ್ಟಿದವು. 2006ರ ಅವರ ವರದಿಯಲ್ಲಿ ನನ್ನನ್ನು ಬಿಡದೆ ಕಾಡುವ ಒಂದು ಹೋಲಿಕೆಯಿದೆ. ಸುನಾಮಿಗೆ ಸಿಕ್ಕಿದ ಪ್ರತಿಯೊಬ್ಬ ಸಂತ್ರಸ್ತರ ಲೆಕ್ಕದಲ್ಲಿ ಸುಮಾರು 7,100 ಡಾಲರ್ ಸಂಗ್ರಹವಾಗಿತ್ತು. ಅದೇ 2004ರಲ್ಲಿ ಬಾಂಗ್ಲಾದೇಶದ ಪ್ರವಾಹಕ್ಕೆ ಸಿಕ್ಕಿದ ಒಬ್ಬರ ಮೇಲೆ ಖರ್ಚಾದದ್ದು 3 ಡಾಲರ್. ಎಲ್ಲ ದಾನಿಗಳ ಲೆಕ್ಕವನ್ನು ಒಂದೇ ಹಾಳೆಯ ಮೇಲೆ ಬರೆಯದಿದ್ದರೆ ಈ ಅನ್ಯಾಯ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಮೊದಲ ಗಂಟೆಗಳಲ್ಲಿ ಜೀವ ಉಳಿಸಿದವರು ಬಹುತೇಕ ಊರಿನವರೇ ಎಂದೂ, ಹೊರಗಿನಿಂದ ಬಂದವರು ಅವರನ್ನು ಬದಿಗೆ ಸರಿಸಿದರು ಎಂದೂ ವರದಿ ಹೇಳಿತು. ಶ್ರೀಲಂಕಾದಲ್ಲಿ ಸಣ್ಣ ದೋಣಿಗಳನ್ನು ಬೇಕಾದ್ದಕ್ಕಿಂತ ಹೆಚ್ಚು ಹಂಚಲಾಗಿತ್ತು.

ಕೊಡಗಿನಲ್ಲಿ 2018ರ ಆಗಸ್ಟ್ ಕಂಡ ನಮಗೆ ಇದೆಲ್ಲ ಹೊಸದಲ್ಲ. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಜರಿದಾಗ ಮೊದಲು ಓಡಿದವರು ಅಕ್ಕಪಕ್ಕದವರು, ಹಾದಿ ಬಲ್ಲ ಹುಡುಗರು. ಆಮೇಲೆ ಮೈಸೂರು, ಮಂಗಳೂರು, ಬೆಂಗಳೂರಿನಿಂದ ಲಾರಿಗಟ್ಟಲೆ ಸಾಮಾನು ಬಂತು. ಸರ್ಕಾರ, ಕಂಪನಿಗಳು, ಮಠಗಳು, ಸಂಘಗಳು ಎಲ್ಲರೂ ಕೊಟ್ಟರು. ಜಂಬೂರು, ಕರ್ಣಂಗೇರಿ, ಮದೆನಾಡಿನಲ್ಲಿ ಮನೆಗಳು ಎದ್ದವು. ವಿದೇಶಿ ಸರ್ಕಾರಗಳ ಹಣ ಇಲ್ಲಿರಲಿಲ್ಲವಾದರೂ ಕೇಳಬೇಕಾದ ಪ್ರಶ್ನೆಗಳ ಸ್ವರೂಪ ಒಂದೇ. ಸ್ವಂತ ಜಾಗವಿಲ್ಲದೆ ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಇದ್ದವರು ಯಾರ ಪಟ್ಟಿಯಲ್ಲಿ ಬಂದರು? ಹೊಸ ಮನೆ ಸಿಕ್ಕವರು ಹಳೆಯ ತೋಟಕ್ಕೆ ಹೋಗಿಬರುವುದು ಹೇಗೆ? ಕೊಟ್ಟವರೆಲ್ಲ ಒಂದೇ ಮೇಜಿನ ಸುತ್ತ ಕೂತು, ಪಡೆದವರನ್ನೂ ಕೂರಿಸಿಕೊಂಡು ಇದನ್ನು ಕೇಳಬೇಕು ಎಂದು ನಾನು ಮನಸ್ಸಾರೆ ಬಯಸುತ್ತೇನೆ.

ಪಡೆದವರು ಮೇಜಿನ ಬಳಿ ಇರುವುದು ಎಂದರೆ ಬರೀ ಉತ್ತರ ಹೇಳುವುದಲ್ಲ, ಪ್ರಶ್ನೆಯನ್ನೂ ಅವರೇ ಬರೆಯುವುದು. 2005ರ ಪ್ಯಾರಿಸ್ ಘೋಷಣೆಯಲ್ಲಿ ದಾನಿ ದೇಶಗಳು ಮತ್ತು ನೆರವು ಪಡೆಯುವ ದೇಶಗಳು ಪರಸ್ಪರ ಕೆಲವು ಮಾತು ಕೊಟ್ಟವು. ದೇಶದ ಸ್ವಂತ ಯೋಜನೆಗೆ ತಕ್ಕಂತೆ ನೆರವು, ದಾನಿಗಳ ನಡುವೆ ತಾಳಮೇಳ, ಇಬ್ಬರೂ ಒಬ್ಬರಿಗೊಬ್ಬರು ಉತ್ತರದಾಯಿ ಎನ್ನುವುದು ಅವುಗಳಲ್ಲಿ ಕೆಲವು. ಆ ಮಾತು ಎಷ್ಟು ಉಳಿಯಿತೆಂದು ನೋಡಿದ ಜಂಟಿ ಅಧ್ಯಯನದ ಎರಡನೇ ಹಂತಕ್ಕೆ ಮಲಾವಿ ಮತ್ತು ಸ್ವೀಡನ್ ಸಹ ಅಧ್ಯಕ್ಷತೆ ವಹಿಸಿದ್ದವು. ನೆರವು ಪಡೆಯುವ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ಅಧ್ಯಯನ ನಡೆಯಿತು. 2011ರಲ್ಲಿ ಬಂದ ತೀರ್ಮಾನ ಪಡೆಯುವ ದೇಶಗಳೇ ಹೆಚ್ಚು ಬದಲಾಗಿವೆ, ಕೊಡುವ ದೇಶಗಳು ಹಿಂದೆ ಬಿದ್ದಿವೆ ಎಂಬುದು. ದಾನಿಗಳಷ್ಟೇ ಕೂತು ಬರೆದಿದ್ದರೆ ಈ ವಾಕ್ಯ ಇಷ್ಟು ನೇರವಾಗಿ ಬರುತ್ತಿತ್ತೇ ಎಂಬ ಅನುಮಾನ ನನಗಿದೆ.

ಹಾಗೆಂದು ಜಂಟಿ ಕೆಲಸದಲ್ಲಿ ತೊಂದರೆಯಿಲ್ಲ ಎಂದಲ್ಲ. ಹತ್ತು ಸರ್ಕಾರಗಳು ಒಂದು ಪ್ರಶ್ನಾವಳಿ ಒಪ್ಪಲು ತಿಂಗಳುಗಳು ಹಿಡಿಯುತ್ತವೆ. ವರದಿ ಬರುವ ಹೊತ್ತಿಗೆ ಸಚಿವರೇ ಬದಲಾಗಿರಬಹುದು. ಎಲ್ಲರೂ ಸಹಿ ಹಾಕಬೇಕೆಂದಾಗ ಚೂಪಾದ ವಾಕ್ಯಗಳು ಮೊಂಡಾಗುತ್ತವೆ. ಒಂದು ಸಣ್ಣ ನೀರಿನ ಯೋಜನೆಗೆ ಇಷ್ಟೆಲ್ಲ ಬೇಕಿಲ್ಲ, ಊರಿನವರ ಜೊತೆ ಒಬ್ಬ ಒಳ್ಳೆಯ ಮೌಲ್ಯಮಾಪಕ ಸಾಕು.

ಭಾರತ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿಯ ಸದಸ್ಯನಲ್ಲ. 1958ರಲ್ಲಿ ವಿಶ್ವಬ್ಯಾಂಕಿನ ನೇತೃತ್ವದಲ್ಲಿ ನಮಗೆ ಸಾಲ ಕೊಡುವವರದೇ ಒಂದು ಕೂಟ ಏರ್ಪಟ್ಟಿತ್ತು. 1964ರಿಂದ ನಾವೂ ಬೇರೆ ದೇಶಗಳ ನೌಕರರಿಗೆ ತರಬೇತಿ ಕೊಡುತ್ತಿದ್ದೇವೆ, ಈಗ ನೆರೆಹೊರೆಗೆ ದೊಡ್ಡ ನೆರವನ್ನೇ ಕೊಡುತ್ತೇವೆ. 2015ರ ಭೂಕಂಪದ ನಂತರ ನೇಪಾಳದ ಗೋರ್ಖಾ ಮತ್ತು ನುವಾಕೋಟ್ ಜಿಲ್ಲೆಗಳಲ್ಲಿ 50,000 ಮನೆ ಕಟ್ಟಿಕೊಳ್ಳಲು ಭಾರತ ನೆರವಾಯಿತು. ಅವೂ ಬೆಟ್ಟದ ಇಳಿಜಾರಿನ ಊರುಗಳು. ಆ ಮನೆಗಳನ್ನು ನೇಪಾಳವೂ ಭಾರತವೂ ಸೇರಿ ಒಮ್ಮೆ ನೋಡಿಬರುವುದಾದರೆ ತಂಡದಲ್ಲಿ ದೆಹಲಿಯ ಎಂಜಿನಿಯರುಗಳ ಜೊತೆ ಜಂಬೂರಿನಲ್ಲಿ ಹೊಸ ಮನೆಗೆ ಬಂದು ನೆಲೆಸಿದ ಒಬ್ಬರಿಬ್ಬರು ಹೆಂಗಸರೂ ಇರಲಿ. ದನದ ಕೊಟ್ಟಿಗೆಗೆ ಜಾಗ ಬಿಟ್ಟಿದ್ದಾರೆಯೇ, ಸೌದೆ ಎಲ್ಲಿ ಒಟ್ಟುತ್ತೀರಿ, ಮಳೆಗಾಲದಲ್ಲಿ ಹಿಂದಿನ ಗೋಡೆ ನೀರು ಕುಡಿಯುತ್ತದೆಯೇ, ಹಕ್ಕುಪತ್ರ ಯಾರ ಹೆಸರಿಗೆ ಬಂತು ಎಂದು ಮೊದಲ ದಿನವೇ ಕೇಳುವವರು ಅವರು.