ರಸ್ತೆ ಗಡಿ ದಾಟುವಾಗ ಪರ್ಮಿಟ್ ಚೀಟಿ ಯಾರಿಗೆ ಕೊಟ್ಟಿರಿ?

ವಿದೇಶಕ್ಕೆ ಹೊರಟವರು ಒಳಗೆ ಹೋಗುವ ಬಗ್ಗೆ ನೂರು ಪ್ರಶ್ನೆ ಕೇಳುತ್ತಾರೆ. ವೀಸಾ ಸಿಗುತ್ತಾ, ಬ್ಯಾಂಕ್ ಸ್ಟೇಟ್‌ಮೆಂಟ್ ಎಷ್ಟು ತಿಂಗಳದ್ದು ಬೇಕು, ಇಂಟರ್‌ವ್ಯೂನಲ್ಲಿ ಏನು ಕೇಳ್ತಾರೆ? ತುಮಕೂರಿನಲ್ಲಿ ಪಾಸ್‌ಪೋರ್ಟ್, ವೀಸಾ ಕೆಲಸ ಮಾಡಿಕೊಂಡು ಬಂದಿರುವ ನನಗೆ ಹೊರಗೆ ಬರುವ ಬಗ್ಗೆ ಪ್ರಶ್ನೆ ಬಂದದ್ದು ತೀರಾ ಕಡಿಮೆ. ವಿಮಾನದಲ್ಲಿ ಹೋಗಿ ವಿಮಾನದಲ್ಲೇ ಬರುವವರಿಗೆ ಅದರ ಚಿಂತೆ ಇಲ್ಲ. ಏರ್‌ಪೋರ್ಟ್‌ನಲ್ಲಿ ನಿಮ್ಮ ಹೆಸರು ಎಲ್ಲಾದರೂ ಒಂದು ಕಡೆ ದಾಖಲಾಗಿಯೇ ಆಗುತ್ತದೆ. ರಸ್ತೆಯಲ್ಲಿ ಹಾಗಲ್ಲ. ಎಷ್ಟೋ ಗಡಿಗಳಲ್ಲಿ ಹೊರಗೆ ಹೋಗುವ ಗಾಡಿಗೆ ಕೈ ಅಡ್ಡ ಹಿಡಿಯುವವರೇ ಇರುವುದಿಲ್ಲ. ನೀವು ಆ ದೇಶ ಬಿಟ್ಟು ಬಂದಾಯಿತು. ಅವರ ಲೆಕ್ಕದಲ್ಲಿ ಮಾತ್ರ ಇನ್ನೂ ಅಲ್ಲೇ ಇದ್ದೀರಿ.

ಗುಬ್ಬಿ, ತಿಪಟೂರು ಕಡೆಯ ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಸಾಲ ಪೂರ್ತಿ ತೀರಿಸಿದ ಮೇಲೂ, ಬ್ಯಾಂಕಿನ ಪತ್ರ ತಂದು ಕೊಡುವವರೆಗೆ ಪಹಣಿಯ 11ನೇ ಕಲಂನಲ್ಲಿ ಸಾಲ ಹಾಗೇ ಕೂತಿರುತ್ತದೆ, ಅಲ್ವಾ? ಪ್ರವಾಸಿ ಪರ್ಮಿಟ್ಟೂ ಹಾಗೆಯೇ. ಅದನ್ನು ತೆರೆಯುವುದು ಅವರ ಕೆಲಸ. ರಸ್ತೆಯಲ್ಲಿ ಹೊರಟಾಗ ಮುಚ್ಚಿಸುವುದು ನಿಮ್ಮ ಕೆಲಸ.

ನಮ್ಮ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿದ ಮಕ್ಕಳು ಟೆಕ್ಸಾಸ್, ಅರಿಜೋನಾ, ಕ್ಯಾಲಿಫೋರ್ನಿಯಾದಲ್ಲಿ ತುಂಬಾ ಇದ್ದಾರೆ. ಅಲ್ಲಿಂದ ಮೆಕ್ಸಿಕೋ ಕಾರಿನಲ್ಲಿ ಹೋಗಿಬರುವಷ್ಟು ಹತ್ತಿರ. ಚಾಲ್ತಿಯಲ್ಲಿರುವ ಅಮೆರಿಕದ ವೀಸಾ ಇದ್ದರೆ ಭಾರತೀಯರಿಗೆ ಮೆಕ್ಸಿಕೋದ ವೀಸಾ ಬೇಕಿಲ್ಲ. ಹಾಗಾಗಿ ವಾರದ ಕೊನೆಗೆ ಸುಮ್ನೆ ಹೊರಟುಬಿಡುತ್ತಾರೆ. ತೊಂದರೆ ಇರುವುದು ಎಫ್‌ಎಂಎಂ ಎಂಬ ಚೀಟಿಯಲ್ಲಿ. ರಸ್ತೆ ಮೂಲಕ ಒಳಗೆ ಹೋಗುವ ಪ್ರವಾಸಿಗೆ ಮೆಕ್ಸಿಕೋದ ಇಮಿಗ್ರೇಶನ್ ಇಲಾಖೆ ಕೊಡುವ ಪರ್ಮಿಟ್ ಅದು. ಹೆಚ್ಚೆಂದರೆ 180 ದಿನಕ್ಕೆ ಕೊಡುತ್ತಾರೆ. ಏಳು ದಿನದೊಳಗೆ ವಾಪಸ್ ಬರುವವರಿಗೆ ಶುಲ್ಕ ಇಲ್ಲ. ಹೊರಡುವಾಗ ಆ ಚೀಟಿಯನ್ನು ಅವರ ಕಚೇರಿಗೇ ಒಪ್ಪಿಸಬೇಕು.

ಒಪ್ಪಿಸುವುದು ಎಲ್ಲಿ ಎಂಬುದೇ ಕಷ್ಟ. ಮೆಕ್ಸಿಕೋದ ಗಡಿ ಊರುಗಳಾದ ತಿಹ್ವಾನಾ ಇರಲಿ, ಹ್ವಾರೆಸ್ ಇರಲಿ, ಅಮೆರಿಕದ ಕಡೆ ಹೊರಟ ಕಾರುಗಳ ಸಾಲು ನೇರ ಅಮೆರಿಕದ ಬೂತಿಗೆ ಹೋಗಿ ಮುಟ್ಟುತ್ತದೆ. ಮೆಕ್ಸಿಕೋದ ಇಮಿಗ್ರೇಶನ್ ಕಚೇರಿ ಆ ಸಾಲಿನಲ್ಲಿ ಸಿಗುವುದಿಲ್ಲ. ಒಮ್ಮೆ ಸಾಲಿಗೆ ಸೇರಿದರೆ ಗಾಡಿ ತಿರುಗಿಸುವುದೂ ಕಷ್ಟ. ಅಮೆರಿಕದ ಅಧಿಕಾರಿ ನಿಮ್ಮ ಪಾಸ್‌ಪೋರ್ಟ್ ನೋಡುತ್ತಾರೆ, ಮೆಕ್ಸಿಕೋದ ಚೀಟಿಯನ್ನು ತೆಗೆದುಕೊಳ್ಳುವುದಿಲ್ಲ. ಅದು ಅವರದ್ದಲ್ಲ. ಅದಕ್ಕೇ ನಾನು ಹೇಳುವುದು, ಒಳಗೆ ಹೋಗುವ ದಿನವೇ ಆ ಕಚೇರಿಯವರನ್ನು ಕೇಳಿಕೊಳ್ಳಿ: ವಾಪಸ್ ಹೋಗುವಾಗ ಇದನ್ನು ಎಲ್ಲಿ ಕೊಡಬೇಕು, ಗಾಡಿ ಎಲ್ಲಿ ನಿಲ್ಲಿಸಬೇಕು? ಆ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಕೊಳ್ಳಿ. ವಾಪಸ್ ಬರುವಾಗ ಸಾಲಿಗೆ ಸೇರುವ ಮುಂಚೆಯೇ ಇಳಿದು, ಚೀಟಿ ಕೊಟ್ಟು, ಪಾಸ್‌ಪೋರ್ಟಿಗೆ ಸೀಲು ಹಾಕಿಸಿಕೊಳ್ಳಿ. ಅರ್ಧ ಗಂಟೆ ಜಾಸ್ತಿ ಹಿಡಿಯಬಹುದು. ಹಿಡಿಯಲಿ.

ಕಾರನ್ನು ಗಡಿ ಅಂಚಿನ ಪ್ರದೇಶ ದಾಟಿ ಮೆಕ್ಸಿಕೋದ ಒಳಗೆ ಒಯ್ದವರಿಗೆ ಇನ್ನೊಂದು ಕೆಲಸ ಇದೆ. ಗಾಡಿಗೆ ಬೇರೆ ಪರ್ಮಿಟ್ ಬೇಕು, ಅದಕ್ಕೆ ಠೇವಣಿ ಇಡಬೇಕು. 2007 ಮತ್ತು ಆಮೇಲಿನ ಮಾಡೆಲ್ ಆದರೆ 400 ಡಾಲರ್. ಹೊರಡುವಾಗ ಗಡಿಯಲ್ಲಿರುವ ಬಾನ್‌ಹೆರ್ಸಿತೋ ಬ್ಯಾಂಕಿನ ಕೌಂಟರಿನಲ್ಲಿ ಆ ಪರ್ಮಿಟ್ಟನ್ನು ರದ್ದು ಮಾಡಿಸಿದರೆ ಮಾತ್ರ ದುಡ್ಡು ವಾಪಸ್. ರದ್ದು ಮಾಡಿಸದೆ ಬಂದರೆ ಠೇವಣಿ ಹೋಯಿತು ಅಂತಲೇ ಲೆಕ್ಕ.

ಇನ್ನು ಅಮೆರಿಕವನ್ನೇ ರಸ್ತೆಯಲ್ಲಿ ಬಿಡುವವರ ಮಾತು. ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರಿಗೆ ಇದು ತಟ್ಟುವುದು ಜಾಸ್ತಿ. ಅವರು ಅಲ್ಲಿ ಎಷ್ಟು ದಿನ ಇರಬಹುದು ಎಂಬುದನ್ನು ವೀಸಾ ಹೇಳುವುದಿಲ್ಲ, ಐ-94 ಎಂಬ ದಾಖಲೆ ಹೇಳುತ್ತದೆ. ಸಾಮಾನ್ಯವಾಗಿ ಆರು ತಿಂಗಳು. ವಿಮಾನದಲ್ಲಿ ಬಂದವರಿಗೆ 2013ರಿಂದ ಅದು ಕಂಪ್ಯೂಟರಿನಲ್ಲೇ ಇರುತ್ತದೆ. ವಿಮಾನದಲ್ಲೇ ವಾಪಸ್ ಹೊರಟರೆ ಏರ್‌ಲೈನ್ ಕೊಡುವ ಪಟ್ಟಿಯಿಂದ ನಿರ್ಗಮನ ದಾಖಲಾಗುತ್ತದೆ. ಕಾರಿನಲ್ಲಿ ಕೆನಡಾಕ್ಕೆ ದಾಟಿದರೂ ಭಯ ಕಡಿಮೆ. ಎರಡು ದೇಶಗಳೂ 2013ರಿಂದ ಮಾಹಿತಿ ಹಂಚಿಕೊಳ್ಳುತ್ತಿವೆ. ನಮ್ಮಂಥ ಮೂರನೇ ದೇಶದವರು ಕೆನಡಾ ಒಳಗೆ ಹೋದ ದಾಖಲೆಯೇ ಅಮೆರಿಕ ಬಿಟ್ಟ ದಾಖಲೆ ಆಗುತ್ತದೆ. ಮೆಕ್ಸಿಕೋ ಕಡೆ ಅಂಥ ಆಸರೆ ಇಲ್ಲ. ಅಮೆರಿಕದಿಂದ ಹೊರಗೆ ಹೋಗುವಾಗ ಪಾಸ್‌ಪೋರ್ಟ್ ನೋಡುವ ಕೌಂಟರ್ ಕೂಡ ಇಲ್ಲ.

ನಮ್ಮಲ್ಲಿಗೆ ಬರುವ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಮನೆಯವರು ಹೀಗೇ ಟೆಕ್ಸಾಸ್ ಗಡಿಯ ಲರೇಡೋ ಸೇತುವೆ ದಾಟಿ ಮೆಕ್ಸಿಕೋ ನೋಡಿ, ಅಲ್ಲಿಂದಲೇ ವಿಮಾನ ಹತ್ತಿ ಊರಿಗೆ ಬಂದರು. ಮುಂದಿನ ವೀಸಾಕ್ಕೆ ಅರ್ಜಿ ತುಂಬುವಾಗ ನೋಡಿದರೆ ಅಮೆರಿಕದ ವೆಬ್‌ಸೈಟಿನಲ್ಲಿ ಅವರು ಬಂದ ದಿನ ಇದೆ, ಹೋದ ದಿನ ಇಲ್ಲ. "ಸಾರ್, ಆರು ತಿಂಗಳು ಆಗೋಕೆ ಮುಂಚೆನೇ ಬಂದ್ವಲ್ಲ" ಅಂತ ಮೇಷ್ಟ್ರು ಗಾಬರಿಯಾದರು. ಗಾಬರಿ ಆಗುವ ವಿಷಯವೇ. ಹೆಚ್ಚಿಗೆ ಉಳಿದರು ಎಂದಾದರೆ ಆ ವೀಸಾ ತಾನಾಗಿಯೇ ರದ್ದಾಗುತ್ತದೆ. ಹಾಗೆ ಹೆಚ್ಚಿಗೆ ಉಳಿದದ್ದು 180 ದಿನ ಮೀರಿದರೆ ಮೂರು ವರ್ಷ, ಒಂದು ವರ್ಷ ತುಂಬಿದರೆ ಹತ್ತು ವರ್ಷ ಒಳಗೆ ಬಿಡುವುದಿಲ್ಲ. ಅವರ ಮನೆಯವರು ಬೋರ್ಡಿಂಗ್ ಪಾಸ್‌ಗಳನ್ನೆಲ್ಲ ಒಂದು ಕವರಿನಲ್ಲಿ ಜೋಪಾನ ಮಾಡಿದ್ದರು. ಪಾಸ್‌ಪೋರ್ಟಿನಲ್ಲಿ ಮೆಕ್ಸಿಕೋದ ಸೀಲೂ ಇತ್ತು, ಬೆಂಗಳೂರಿಗೆ ಬಂದಿಳಿದ ಸೀಲೂ ಇತ್ತು. ಅಷ್ಟು ಪುರಾವೆ ಇದ್ದರೆ ಮಾತಾಡಲು ಧೈರ್ಯ ಬರುತ್ತದೆ.

ಒಂದು ಕಡೆ ಮಾತ್ರ ಲೆಕ್ಕ ಉಲ್ಟಾ ಆಗುತ್ತದೆ, ಅಲ್ಲಿ ಚೀಟಿ ಒಪ್ಪಿಸಬಾರದು. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಅಮೆರಿಕದಲ್ಲಿ ಇರುವವರಿಗೆ ಪಾಸ್‌ಪೋರ್ಟಿನ ವೀಸಾ ಮುಗಿದಿದ್ದರೂ ಐ-94 ಚಾಲ್ತಿಯಲ್ಲಿದ್ದರೆ, ಕೆನಡಾ ಅಥವಾ ಮೆಕ್ಸಿಕೋಗೆ ಹೋಗಿ 30 ದಿನದೊಳಗೆ ಅದೇ ಐ-94ರ ಮೇಲೆ ವಾಪಸ್ ಬರಲು ಅವಕಾಶ ಇದೆ. ಅಲ್ಲಿದ್ದಾಗ ಹೊಸ ವೀಸಾಕ್ಕೆ ಅರ್ಜಿ ಹಾಕಿರಬಾರದು. ಇಂಥವರು ಕೈಯಲ್ಲಿ ಕಾಗದದ ಐ-94 ಇದ್ದರೆ ಅದನ್ನು ಯಾರಿಗೂ ಒಪ್ಪಿಸಬಾರದು. ಜೊತೆಗೆ ಇದನ್ನೂ ನೆನಪಿಡಿ: ವೀಸಾ ಮುಗಿದಿದ್ದರೆ ಅದರ ಬಲದ ಮೇಲೆ ಮೆಕ್ಸಿಕೋ ಒಳಗೆ ಹೋಗುವ ಸೌಲಭ್ಯವೂ ಮುಗಿಯಿತು. ಆಗ ಮೆಕ್ಸಿಕೋದ ವೀಸಾ ಬೇಕು.

ಈಗ ನಮ್ಮ ಪಕ್ಕದ ದೇಶಗಳಿಗೆ ಬರೋಣ. ನೇಪಾಳಕ್ಕೆ ಭಾರತೀಯರಿಗೆ ವೀಸಾ ಇಲ್ಲ, ರಸ್ತೆಯಲ್ಲಿ ಸೀಲೂ ಇಲ್ಲ. ವೋಟರ್ ಐಡಿ ಸಾಕು. ಆದರೆ ನಿಮ್ಮ ಕಾರಿಗೆ ಪರ್ಮಿಟ್ ಬೇಕು. ಉತ್ತರ ಪ್ರದೇಶದ ಗಡಿ ಊರು ಸೋನೌಲಿ ದಾಟಿದ ಮೇಲೆ ನೇಪಾಳದ ಕಸ್ಟಮ್ಸ್ ಕಚೇರಿಯಲ್ಲಿ ಭನ್ಸಾರ್ ಚೀಟಿ ಮಾಡಿಸಬೇಕು. ದಿನದ ಲೆಕ್ಕದಲ್ಲಿ ದುಡ್ಡು, ವರ್ಷಕ್ಕೆ ಒಟ್ಟು 30 ದಿನ ಮಾತ್ರ. ಗುಡ್ಡ ಕುಸಿದು ರಸ್ತೆ ಬಂದ್ ಆಗುವುದು ಮಳೆಗಾಲದಲ್ಲಿ ಅಲ್ಲಿ ಮಾಮೂಲು. ಅದಕ್ಕೇ ಒಂದೆರಡು ದಿನ ಜಾಸ್ತಿಗೇ ಮಾಡಿಸಿ ಅನ್ನುತ್ತೇನೆ. ದಿನ ಮೀರಿದರೆ ದಂಡ. ಸೋನೌಲಿಯಲ್ಲಿ ಹೋಗಿ ಬಿಹಾರದ ರಕ್ಸೌಲ್ ಕಡೆ ಬರುವ ಯೋಚನೆ ಇದ್ದರೆ ಅದನ್ನು ಚೀಟಿ ಮಾಡಿಸುವಾಗಲೇ ಹೇಳಿ.

ಇದಕ್ಕಿಂತ ದೊಡ್ಡ ಚಿಂತೆ ನನಗೆ ಮೊಮ್ಮಕ್ಕಳದ್ದು. ಅಜ್ಜಿ ತಾತ ಪಶುಪತಿನಾಥ, ಮುಕ್ತಿನಾಥ ಅಂತ ಹೊರಡುತ್ತಾರೆ. ರಜಕ್ಕೆ ಬಂದ ಮೊಮ್ಮಗುವನ್ನೂ ಕರೆದುಕೊಳ್ಳುತ್ತಾರೆ. ಮಗುವಿನದು ಅಮೆರಿಕದ ಪಾಸ್‌ಪೋರ್ಟ್. ಭಾರತೀಯ ಮೂಲದ ವಿದೇಶಿಯರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ ಗಡಿಯಲ್ಲಿ ಆ ಮಗು ವಿದೇಶಿಯೇ. ಗಡಿ ದಾಟುವ ಮೊದಲು ಭಾರತದ ಇಮಿಗ್ರೇಶನ್‌ನಲ್ಲಿ ಹೊರಹೋಗುವ ಸೀಲು, ಆಚೆ ನೇಪಾಳದ ವೀಸಾ. ವಾಪಸ್ ಬರುವಾಗ ಮೊದಲು ನೇಪಾಳದ ಸೀಲು, ಆಮೇಲೆ ನಮ್ಮದು. ಒಟ್ಟು ನಾಲ್ಕು ನಿಲುಗಡೆ. ಸೋನೌಲಿಯ ಬಜಾರಿನ ಗಲಾಟೆಯಲ್ಲಿ ಆ ಕಚೇರಿ ಕಣ್ಣಿಗೆ ಬೀಳುವುದೇ ಕಷ್ಟ. ಟೆಂಪೋ ಟ್ರಾವೆಲರ್‌ನಲ್ಲಿ ಉಳಿದವರೆಲ್ಲ ಭಾರತೀಯರಾದ್ದರಿಂದ ಡ್ರೈವರ್ ನಿಲ್ಲಿಸದೆ ಹೋಗಿಬಿಡುತ್ತಾನೆ. ಆಮೇಲೆ ಬೆಂಗಳೂರಿನಿಂದ ಅಮೆರಿಕಕ್ಕೆ ಹೊರಡುವ ರಾತ್ರಿ ಕೌಂಟರಿನಲ್ಲಿ ಪ್ರಶ್ನೆ ಏಳುತ್ತದೆ. ಮಗು ಇ-ವೀಸಾದಲ್ಲಿ ಬಂದಿದ್ದರೆ ಇನ್ನೂ ಹುಷಾರು. ಇ-ವೀಸಾ ಮೇಲೆ ಎಲ್ಲ ರಸ್ತೆ ಗಡಿಗಳಿಂದ ಭಾರತದ ಒಳಗೆ ಬರಲು ಆಗುವುದಿಲ್ಲ. ಇದನ್ನು ತುಮಕೂರು ಬಿಡುವ ಮುಂಚೆಯೇ ನೋಡಿಕೊಳ್ಳಬೇಕು.

ಭೂತಾನ್ ಈ ವಿಷಯದಲ್ಲಿ ಅಚ್ಚುಕಟ್ಟು. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಮೇಲೆ ಅವರ ಗಡಿ ಊರು ಫುಂಟ್‌ಶೋಲಿಂಗ್‌ನಲ್ಲಿ ಪರ್ಮಿಟ್ ಸಿಗುತ್ತದೆ. 2022ರ ಸೆಪ್ಟೆಂಬರ್‌ನಿಂದ ಭಾರತೀಯರಿಗೆ ಒಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕ. ಲೆಕ್ಕ ರಾತ್ರಿಗಳದ್ದಾದ್ದರಿಂದ ನೀವು ಯಾವತ್ತು ಹೊರಬಿದ್ದಿರಿ ಎಂಬುದು ಅವರಿಗೆ ಮುಖ್ಯ. ಸಂಜೆ ಊಟಕ್ಕೆ ಅಂತ ಗಡಿಯ ಈಚೆ ಭಾರತದಲ್ಲಿರುವ ಜೈಗಾಂವ್ ಕಡೆ ನಡೆದುಬಂದು ಅಲ್ಲೇ ಉಳಿದುಬಿಡಬೇಡಿ. ಹೊರಹೋಗುವ ದಾಖಲೆ ಮುಗಿಸಿಯೇ ಬನ್ನಿ.

ಮಲೇಷ್ಯಾ, ಸಿಂಗಪುರ ಪ್ಯಾಕೇಜಿನವರಿಗೆ ಒಂದೇ ಮಾತು. ಜೊಹೋರ್ ಬಾರುನಲ್ಲಿ ಬಸ್ಸಿನಿಂದ ಇಳಿಸುವುದು ಮಲೇಷ್ಯಾದಿಂದ ಹೊರಬಿದ್ದ ದಾಖಲೆಗೆ. ವುಡ್‌ಲ್ಯಾಂಡ್ಸ್‌ನಲ್ಲಿ ಇಳಿಸುವುದು ಸಿಂಗಪುರದ ಪ್ರವೇಶಕ್ಕೆ. ಜನರ ಹಿಂದೆ ಸುಮ್ನೆ ನಡೆಯಬೇಡಿ, ಕೌಂಟರ್ ದಾಟಿದ್ದೀರಾ ನೋಡಿಕೊಳ್ಳಿ.

ಈಗಾಗಲೇ ಚೀಟಿ ಒಪ್ಪಿಸದೆ ಬಂದಿದ್ದರೆ ಅದನ್ನು ಹರಿದು ಬಿಸಾಡಬೇಡಿ. ಆ ಚೀಟಿ, ಮುಂದಿನ ದೇಶದ ಪ್ರವೇಶದ ಸೀಲು, ಬೋರ್ಡಿಂಗ್ ಪಾಸ್, ಗಡಿ ದಾಟಿದ ದಿನದ ಟೋಲ್ ಮತ್ತು ಪೆಟ್ರೋಲ್ ರಸೀದಿ, ಕಾರ್ಡಿನ ಸ್ಟೇಟ್‌ಮೆಂಟ್, ಎಲ್ಲವನ್ನೂ ಒಟ್ಟಿಗೆ ಇಡಿ. ಮುಂದಿನ ವೀಸಾ ಅರ್ಜಿಯಲ್ಲಿ ಕೇಳಿದರೆ ನಡೆದದ್ದನ್ನು ನಡೆದ ಹಾಗೆ ಬರೆಯಿರಿ, ಪುರಾವೆ ಜೊತೆಗಿಡಿ. ರಸೀದಿ, ಬೋರ್ಡಿಂಗ್ ಪಾಸ್‌ಗಳ ಅಕ್ಷರ ಬೇಗ ಮಾಸಿಹೋಗುತ್ತದೆ. ಇವತ್ತೇ ಫೋಟೋ ತೆಗೆದು ಮನೆಯವರ ಫೋನಿಗೂ ಒಂದು ಕಳಿಸಿಡಿ.