ಗುರಿ ಎಲ್ಲರದ್ದು, ಕೆಲಸ ಯಾರದ್ದು? ಸುಸ್ಥಿರ ಅಭಿವೃದ್ಧಿಗೆ ಸರ್ಕಾರದೊಳಗಿನ ಹೊಂದಾಣಿಕೆ

ಈ ಪಾಠವನ್ನು ಮೊದಲ ಸಲ ಓದಿದಾಗ ನನಗೆ ಕಂಡಿದ್ದು ಬರೀ ಹೆಸರುಗಳು. ಆಯೋಗ, ಮಂಡಳಿ, ಉನ್ನತ ಸಮಿತಿ, ಕಾರ್ಯಪಡೆ. ಯಾವುದು ಯಾಕಿದೆ ಅಂತ ತಿಳಿಯದೆ ಸುಮ್ನೆ ಬಾಯಿಪಾಠ ಮಾಡಿದ್ದೆ. ಆಮೇಲೆ ಒಂದೇ ಒಂದು ಉದಾಹರಣೆ ಹಿಡಿದು ಅದರ ಹಿಂದೆ ಹೋದೆ. ಆಗ ಎಲ್ಲ ಬಿಡಿಸಿಕೊಂಡಿತು. ಆ ಉದಾಹರಣೆಯನ್ನೇ ಇಲ್ಲಿ ಕೊಡುತ್ತೇನೆ.

ಹಿನ್ನೆಲೆ ಚುಟುಕಾಗಿ ಸಾಕು. ಮುಂದಿನ ಪೀಳಿಗೆಯ ಅಗತ್ಯಕ್ಕೆ ಕುತ್ತು ತರದೆ ಇವತ್ತಿನ ಅಗತ್ಯ ಪೂರೈಸಿಕೊಳ್ಳುವುದು ಸುಸ್ಥಿರ ಅಭಿವೃದ್ಧಿ. ಈ ಮಾತು ವಿಶ್ವಸಂಸ್ಥೆಯ ಆಯೋಗವೊಂದು ಕೊಟ್ಟ 1987ರ ಬ್ರುಂಟ್‌ಲಂಡ್ ವರದಿಯಿಂದ ಬಂತು. ಪರಿಸರ ಮತ್ತು ಅಭಿವೃದ್ಧಿ ಕುರಿತ ವಿಶ್ವಸಂಸ್ಥೆಯ 1992ರ ರಿಯೊ ಶೃಂಗಸಭೆ ದೇಶಗಳಿಗೆ ತಮ್ಮದೇ ಕಾರ್ಯತಂತ್ರ ಬರೆದುಕೊಳ್ಳಿ ಎಂದಿತು. 2015ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆ 2030ಕ್ಕೆ ಮುಟ್ಟಬೇಕಾದ 17 ಗುರಿ, 169 ಉಪಗುರಿಗಳನ್ನು ಒಪ್ಪಿತು. ಅವುಗಳಲ್ಲಿ 17.14ನೇ ಉಪಗುರಿಗೆ ಒಂದು ಗೆರೆ ಎಳೆದಿಡಿ. ಒಂದು ನೀತಿ ಇನ್ನೊಂದರ ಕಾಲೆಳೆಯಬಾರದು, ಎಲ್ಲ ನೀತಿಗಳೂ ಒಂದೇ ದಿಕ್ಕಿಗೆ ಸಾಗಬೇಕು ಅನ್ನುವುದು ಅದರ ಸಾರ. ನಮ್ಮ ಪಾಠವೆಲ್ಲ ಅದರಲ್ಲೇ ಇದೆ.

ಜರ್ಮನಿಯ ಗೊಬ್ಬರ, ಜರ್ಮನಿಯ ನೀರು

ಹೊಲಕ್ಕೆ ಹಾಕಿದ ಸಾರಜನಕವನ್ನೆಲ್ಲ ಬೆಳೆ ಹೀರಿಕೊಳ್ಳುವುದಿಲ್ಲ. ಮಿಕ್ಕಿದ್ದರಲ್ಲಿ ಒಂದಿಷ್ಟು ಮಳೆ ನೀರಿನ ಜೊತೆ ಕೆಳಗಿಳಿದು ನೈಟ್ರೇಟ್ ಆಗಿ ಅಂತರ್ಜಲ ಸೇರುತ್ತದೆ. ಯುರೋಪಿನಲ್ಲಿ ಅಂತರ್ಜಲಕ್ಕೆ ಇಟ್ಟಿರುವ ಮಿತಿ ಲೀಟರ್‌ಗೆ 50 ಮಿಲಿಗ್ರಾಂ.

ಈಗ ಇಲಾಖೆಗಳ ಕಡೆಯಿಂದ ನೋಡಿ. ಗೊಬ್ಬರದ ನಿಯಮ ಕೃಷಿ ಸಚಿವಾಲಯದ ಕೈಲಿ. ಅಂತರ್ಜಲ ಪರಿಸರ ಸಚಿವಾಲಯದ ಹೊಣೆ. ನೀರು ಶುದ್ಧ ಮಾಡುವ ಖರ್ಚು ನೀರು ಪೂರೈಸುವವರ ತಲೆಗೆ. ನಿಯಮ ಪಾಲನೆ ನೋಡಿಕೊಳ್ಳಬೇಕಾದವು 16 ರಾಜ್ಯಗಳು. ತಪ್ಪು ಒಂದು ಕಡೆ, ದಂಡ ಇನ್ನೊಂದು ಕಡೆ. ಒಂದೊಂದು ಇಲಾಖೆಯೂ ತನ್ನ ಕೆಲಸವನ್ನು ಸರಿಯಾಗೇ ಮಾಡುತ್ತಿರಬಹುದು, ಆದರೂ ನೀರು ಕೆಡುತ್ತದೆ. ಹೊಂದಾಣಿಕೆ ಯಾಕೆ ಬೇಕು ಅಂದರೆ ಇದಕ್ಕೇ.

ಜರ್ಮನಿ ಇದನ್ನು ತಡವಾಗಿ ಕಂಡುಕೊಂಡಿತು ಅಂದುಕೊಳ್ಳಬೇಡಿ. 2002ರ ಅದರ ಮೊದಲ ರಾಷ್ಟ್ರೀಯ ಸುಸ್ಥಿರತೆ ಕಾರ್ಯತಂತ್ರದಲ್ಲೇ ಗುರಿ ಬರೆದಿತ್ತು: ಹೆಚ್ಚುವರಿ ಸಾರಜನಕ 2010ರೊಳಗೆ ಹೆಕ್ಟೇರಿಗೆ 80 ಕಿಲೋಗೆ ಇಳಿಯಬೇಕು. ಇಳಿಯಲಿಲ್ಲ. 2018ರ ಜೂನ್‌ನಲ್ಲಿ ಯುರೋಪಿಯನ್ ನ್ಯಾಯಾಲಯವು ನೈಟ್ರೇಟ್ ತಡೆಯಲು ಜರ್ಮನಿ ಸಾಕಷ್ಟು ಮಾಡಿಲ್ಲ ಎಂದು ತೀರ್ಪು ಕೊಟ್ಟಿತು. 2019ರ ನವೆಂಬರ್‌ನಲ್ಲಿ ಹೊಸ ಬಿಗಿ ನಿಯಮಗಳನ್ನು ವಿರೋಧಿಸಿ ಸಾವಿರಾರು ರೈತರು ಟ್ರ್ಯಾಕ್ಟರ್ ಹತ್ತಿ ಬರ್ಲಿನ್‌ಗೆ ಬಂದರು. 2020ರಲ್ಲಿ ನಿಯಮ ಮತ್ತೆ ಬದಲಾಯಿತು: ನೈಟ್ರೇಟ್ ಜಾಸ್ತಿ ಇರುವ ಪ್ರದೇಶಗಳಲ್ಲಿ ಬೆಳೆಗೆ ಬೇಕಾದ ಪ್ರಮಾಣಕ್ಕಿಂತ 20% ಕಡಿಮೆ ಸಾರಜನಕ. ಯುರೋಪಿಯನ್ ಒಕ್ಕೂಟದ ಆಡಳಿತ ಸಂಸ್ಥೆಯಾದ ಯುರೋಪಿಯನ್ ಆಯೋಗ ಈ ಪ್ರಕರಣವನ್ನು ಮುಚ್ಚಿದ್ದು 2023ರಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಜರ್ಮನಿಯ ವ್ಯವಸ್ಥೆ ಕಳಪೆಯದ್ದಾಗಿರಲಿಲ್ಲ. ಸುಸ್ಥಿರತೆಗೆ ಅಂತಲೇ ರಾಜ್ಯ ಕಾರ್ಯದರ್ಶಿಗಳ ಒಂದು ಸಮಿತಿ ಇತ್ತು. ಅಲ್ಲಿ ಈ ಹುದ್ದೆ ಅಂದರೆ ಸಚಿವರ ನಂತರದ ಸ್ಥಾನ. ಅಧ್ಯಕ್ಷತೆ ಚಾನ್ಸೆಲರ್ (ಅಲ್ಲಿನ ಸರ್ಕಾರದ ಮುಖ್ಯಸ್ಥರು) ಕಚೇರಿಯ ಮುಖ್ಯಸ್ಥರದ್ದು. ಅದಕ್ಕಿಂತ ಎತ್ತರದ ಕುರ್ಚಿ ಹುಡುಕುವುದು ಕಷ್ಟ, ಅಲ್ವಾ? ಆದರೂ ಎಂಟು ವರ್ಷದ ಗುರಿ ತಪ್ಪಿತು. ನನಗನ್ನಿಸುವುದು ಇಷ್ಟು: ಗುರಿ ಕಾರ್ಯತಂತ್ರದ ಪುಸ್ತಕದಲ್ಲಿತ್ತು, ಗೊಬ್ಬರದ ನಿಯಮದೊಳಗೆ ಬೇಕಾದಷ್ಟು ಬಿಗಿಯಾಗಿ ಇಳಿದಿರಲಿಲ್ಲ. ಕೆಲಸ ಮಾಡಬೇಕಾದ ಇಲಾಖೆಯ ಸ್ವಂತ ನಿಯಮಕ್ಕೆ, ಸ್ವಂತ ಬಜೆಟ್‌ಗೆ ಗುರಿ ಸೇರುವವರೆಗೂ ಸಮಿತಿಯ ಮಾತು ಸಲಹೆಯಾಗೇ ಉಳಿಯುತ್ತದೆ.

ಸಮಿತಿಯ ತಲೆಯಲ್ಲಿ ಯಾರು?

ಪರೀಕ್ಷೆಗೆ ಜಾಸ್ತಿ ಬರುವ ಪ್ರಶ್ನೆ ಇದು. ಸಾಮಾನ್ಯವಾಗಿ ಮೂರು ಬಗೆ ಕಾಣುತ್ತೇವೆ. ಪರಿಸರ ಸಚಿವಾಲಯಕ್ಕೆ ಒಪ್ಪಿಸುವುದು ಒಂದು. ಅಲ್ಲಿ ವಿಷಯ ತಿಳಿದವರಿರುತ್ತಾರೆ, ಆದರೆ ಹಣಕಾಸು ಅಥವಾ ಇಂಧನ ಇಲಾಖೆಗೆ 'ಇದನ್ನು ಮಾಡಿ' ಅನ್ನುವ ಅಧಿಕಾರ ಇರುವುದಿಲ್ಲ. ಯೋಜನೆ ರೂಪಿಸುವ ಸಂಸ್ಥೆಗೆ ಕೊಡುವುದು ಎರಡನೆಯದು. ಭಾರತ ಹಿಡಿದಿರುವ ದಾರಿ ಇದು: ಗುರಿಗಳ ಸಮನ್ವಯ ನೀತಿ ಆಯೋಗದ್ದು, ಪ್ರಗತಿ ಅಳೆಯುವ ರಾಷ್ಟ್ರೀಯ ಸೂಚಕಗಳ ಚೌಕಟ್ಟು ಅಂಕಿಅಂಶ ಸಚಿವಾಲಯದ್ದು. ಮೂರನೆಯದು ಸರ್ಕಾರದ ಮುಖ್ಯಸ್ಥರ ಹತ್ತಿರವೇ ಇಟ್ಟುಕೊಳ್ಳುವುದು. ಫಿನ್ಲೆಂಡ್‌ನ ರಾಷ್ಟ್ರೀಯ ಆಯೋಗ 1993ರಲ್ಲಿ ಶುರುವಾಗಿದ್ದೇ ಪ್ರಧಾನಿಯ ಅಧ್ಯಕ್ಷತೆಯಲ್ಲಿ. ಸಚಿವಾಲಯಗಳ ಜೊತೆ ಉದ್ಯಮಗಳು, ಕಾರ್ಮಿಕ ಸಂಘಟನೆಗಳು, ಸ್ವಯಂಸೇವಾ ಸಂಸ್ಥೆಗಳೂ ಅಲ್ಲಿ ಕೂರುತ್ತವೆ.

ಮೂರನೆಯದೇ ಉತ್ತಮ ಅಂತ ಹಲವು ಟಿಪ್ಪಣಿಗಳಲ್ಲಿ ಸಲೀಸಾಗಿ ಬರೆದಿರುತ್ತಾರೆ. ಅರ್ಧ ನಿಜ. ಎತ್ತರದ ಕುರ್ಚಿ ಜಗಳ ಬಿಡಿಸಲು ಬೇಕು. ದಿನನಿತ್ಯದ ಕೆಲಸಕ್ಕೆ ಪ್ರತಿ ಸಚಿವಾಲಯದೊಳಗೂ ಒಬ್ಬ ಹೊಣೆಗಾರ ಬೇಕು.

ಕರಡಿನ ಹಂತದಲ್ಲೇ ಹಿಡಿಯುವುದು ಇನ್ನೊಂದು ಉಪಾಯ. ನನಗೆ ತುಂಬ ಇಷ್ಟವಾದದ್ದೂ ಇದೇ. ಜರ್ಮನಿಯಲ್ಲಿ 2009ರಿಂದ ಸರ್ಕಾರ ತರುವ ಪ್ರತಿ ಮಸೂದೆಯ ಜೊತೆ ಅದು ಸುಸ್ಥಿರತೆಯ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬ ಪರಿಶೀಲನೆಯನ್ನೂ ಬರೆಯಬೇಕು. ಅದನ್ನು ಸರಿಯಾಗಿ ಬರೆದಿದ್ದಾರಾ ಅಂತ ಸಂಸತ್ತಿನ ಒಂದು ಸಲಹಾ ಮಂಡಳಿ ಹಲವು ವರ್ಷ ನೋಡುತ್ತಿತ್ತು. ಕಾಯ್ದೆ ಆದ ಮೇಲೆ ತಿದ್ದುವುದಕ್ಕಿಂತ ಕರಡಿನಲ್ಲೇ ಒಂದು ಸಾಲು ಬದಲಿಸುವುದು ಎಷ್ಟೋ ಸುಲಭ.

ರಾಜ್ಯಗಳು, ಅಳತೆ, ಲೆಕ್ಕ ಕೇಳುವವರು

ಶಾಲೆ, ಆಸ್ಪತ್ರೆ, ನೀರು, ಕಸ: ಒಕ್ಕೂಟ ದೇಶಗಳಲ್ಲಿ ಇವು ಹೆಚ್ಚಾಗಿ ರಾಜ್ಯಗಳ ಮತ್ತು ಸ್ಥಳೀಯ ಸಂಸ್ಥೆಗಳ ಕೈಲಿರುತ್ತವೆ. ಕೇಂದ್ರ ಆದೇಶ ಕೊಟ್ಟರೆ ಸಾಲದು. ಭಾರತ ಇದಕ್ಕೆ ಅಂಕಪಟ್ಟಿಯ ದಾರಿ ಹಿಡಿಯಿತು. ಈ ಗುರಿಗಳಲ್ಲಿ ಯಾವ ರಾಜ್ಯ ಎಷ್ಟು ಮುಂದೆ ಬಂದಿದೆ ಅಂತ ನೂರಕ್ಕೆ ಅಂಕ ಕೊಡುವ ನೀತಿ ಆಯೋಗದ ಸೂಚ್ಯಂಕ 2018ರಲ್ಲಿ ಮೊದಲು ಬಂದಾಗ ದೇಶದ ಒಟ್ಟು ಅಂಕ 57. 2023-24ರ ಆವೃತ್ತಿಯಲ್ಲಿ 71. ಪಕ್ಕದ ರಾಜ್ಯ ಮುಂದಿದೆ ಅಂದಾಗ ಅಧಿಕಾರಿಗಳು ಪಟ್ಟಿ ತೆಗೆದು ನೋಡುತ್ತಾರೆ. ಅದರ ಬಲ ಅಷ್ಟೇ, ಅದು ಸಣ್ಣದಲ್ಲ. ಆದರೆ ಒಂದು ಎಚ್ಚರ: ಸೂಚಕಗಳ ಪಟ್ಟಿ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಎರಡು ವರ್ಷದ ಅಂಕಗಳನ್ನು ಹೋಲಿಸುವಾಗ ಅದನ್ನೂ ಹೇಳಿ.

ವಿಶ್ವಸಂಸ್ಥೆಗೆ ದೇಶಗಳು ಸ್ವಯಂಪ್ರೇರಿತ ವರದಿ ಕೊಡುತ್ತವೆ. ಭಾರತ 2017, 2020 ಮತ್ತು 2025ರಲ್ಲಿ ಕೊಟ್ಟಿತ್ತು. ಇದು ತಮ್ಮ ಬಗ್ಗೆ ತಾವೇ ಬರೆದದ್ದು. ಹೊರಗಿನ ಕಣ್ಣು ಬೇಕೆಂದರೆ ಕೆನಡಾ ನೋಡಿ. ಸರ್ಕಾರದ ಲೆಕ್ಕ ಪರಿಶೋಧಿಸುವ ಅಲ್ಲಿನ ಮಹಾಲೇಖಪಾಲರ ಕಚೇರಿಯೊಳಗೆ 1995ರಿಂದ ಪರಿಸರ ಮತ್ತು ಸುಸ್ಥಿರ ಅಭಿವೃದ್ಧಿಗೆ ಅಂತಲೇ ಒಬ್ಬ ಆಯುಕ್ತರಿದ್ದಾರೆ. ಇಲಾಖೆಗಳು ಹೇಳಿದ್ದನ್ನು ಮಾಡಿದವಾ ಅಂತ ಪರಿಶೀಲಿಸಿ ಸಂಸತ್ತಿನ ಮುಂದೆ ಇಡುತ್ತಾರೆ.

ಕೊನೆಗೆ, ಪುಸ್ತಕಗಳಲ್ಲಿ ಕಡಿಮೆ ಜಾಗ ಸಿಗುವ ವಿಷಯ: ಕಾಲ. ಇಲಾಖೆ-ಇಲಾಖೆಗಳ ನಡುವೆ ಮಾತ್ರವಲ್ಲ, ಈ ಸರ್ಕಾರಕ್ಕೂ ಮುಂದಿನ ಸರ್ಕಾರಕ್ಕೂ ಹೊಂದಾಣಿಕೆ ಬೇಕು. ಹೊಲದ ನೈಟ್ರೇಟ್ ಅಂತರ್ಜಲ ಮುಟ್ಟಲು ಕೆಲವು ಕಡೆ ಹತ್ತಾರು ವರ್ಷ ಹಿಡಿಯುತ್ತದೆ. ಇವತ್ತು ಬಾವಿಯಲ್ಲಿ ಅಳೆಯುವುದು ಹಳೆಯ ಸರ್ಕಾರವೊಂದರ ಕಾಲದ ಗೊಬ್ಬರವನ್ನೂ ಆಗಿರಬಹುದು. ಇವತ್ತಿನ ಒಳ್ಳೆಯ ನಿಯಮದ ಫಲ ಇನ್ಯಾರದೋ ಅವಧಿಯಲ್ಲಿ ಕಾಣುತ್ತದೆ. ಹಾಗಾಗಿ ಚುನಾವಣೆ ದಾಟಿ ನಿಲ್ಲುವ ಏರ್ಪಾಡು ಬೇಕಾಗುತ್ತದೆ. ಕೆನಡಾ 2008ರಲ್ಲಿ ಇದನ್ನು ಕಾಯ್ದೆಯಲ್ಲೇ ಬರೆಯಿತು: ಯಾವ ಪಕ್ಷ ಗೆದ್ದರೂ ಮೂರು ವರ್ಷಕ್ಕೊಮ್ಮೆಯಾದರೂ ಹೊಸ ಕಾರ್ಯತಂತ್ರವನ್ನು ಸಂಸತ್ತಿನ ಮುಂದೆ ಇಡಲೇಬೇಕು.